ತಿಥಿ, ಮಳೆ ಮತ್ತು ಧರ್ಮ: ಕಾಲಗಣನಾ ಪದ್ಧತಿಗಳ ಒಂದು ವಿಮರ್ಶೆ

ಕೆಲವು ವರ್ಷಗಳ ಹಿಂದಿನ ಮಾತು. ಭಾದ್ರಪದ ಮಾಸದ ಒಂದು ಸಂಜೆ ನಮ್ಮ ಊರಿನ ಬಸದಿಯ ಜಗಲಿಯಲ್ಲಿ ನಾಲ್ಕಾರು ಮಂದಿ ಕುಳಿತು ಎರಡು ಪಂಚಾಂಗಗಳನ್ನು ಎದುರಿಗಿಟ್ಟುಕೊಂಡು ಚರ್ಚಿಸುತ್ತಿದ್ದರು. ಅನಂತನ ನೋಂಪಿಯ ಚತುರ್ದಶಿ ಯಾವ ದಿನ ಎಂಬುದು ಪ್ರಶ್ನೆ. ವ್ರತಕ್ಕೆ ಹಿಡಿಯುವ ತಿಥಿಯು ಸೂರ್ಯೋದಯದ ನಂತರ ಕನಿಷ್ಠ 6 ಘಳಿಗೆಯಾದರೂ ಉಳಿದಿರಬೇಕು, ಇಲ್ಲವಾದರೆ ಹಿಂದಿನ ದಿನವೇ ವ್ರತದ ದಿನವೆಂಬುದು ನಮ್ಮ ಆಮ್ನಾಯದಲ್ಲಿ ನಡೆದುಬಂದ ಕ್ರಮ. ದೃಗ್ಗಣಿತದ ಪಂಚಾಂಗದಲ್ಲಿ ಚತುರ್ದಶಿಗೆ ಆರು ಘಳಿಗೆಗೆ ತುಸು ಕಡಿಮೆ ಇತ್ತು. ಸೂರ್ಯಸಿದ್ಧಾಂತವನ್ನು ಅನುಸರಿಸಿದ ಇನ್ನೊಂದರಲ್ಲಿ ಏಳು ಘಳಿಗೆ ದಾಟಿತ್ತು. ಒಂದರ ಪ್ರಕಾರ ನೋಂಪಿ ಮರುದಿನ ಬೆಳಗ್ಗೆ. ಇನ್ನೊಂದರ ಪ್ರಕಾರ ಅದು ಅಂದೇ ಕಳೆದುಹೋಗುತ್ತಿತ್ತು. ಲೆಕ್ಕಪತ್ರ ನೋಡುವ ತರುಣರೊಬ್ಬರು ಬೇಸರದಿಂದ, “ಇಂದ್ರರೇ, ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಇಂಥ ತಕರಾರು ಎಲ್ಲಿಯಾದರೂ ಉಂಟೇ? ಹದಿನೈದನೆಯ ತಾರೀಕು ಎಂದರೆ ಎಲ್ಲರಿಗೂ ಹದಿನೈದೇ” ಎಂದರು. ವೃದ್ಧರಾದ ಇಂದ್ರರು ಪಂಚಾಂಗವನ್ನು ಮಡಚಿಟ್ಟು, “ಅದಕ್ಕೆ ಚಂದ್ರನ ಹಂಗಿಲ್ಲ ಸ್ವಾಮಿ, ನಮಗುಂಟು” ಎಂದರು. ಚರ್ಚೆ ಮುಗಿಯಲಿಲ್ಲ. ಕಂಬದ ಬಳಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಎಂಬತ್ತರ ಸಮೀಪದ ಶ್ರಾವಿಕೆಯೊಬ್ಬರು ಏನನ್ನೂ ಹೇಳದೆ ಎರಡೂ ದಿನ ಉಪವಾಸ ಮಾಡಿದರು.

ಆ ತರುಣರ ಪ್ರಶ್ನೆ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಅಂದಿನಿಂದ ಕಾಲಗಣನೆಯನ್ನು ಕುರಿತ ಬರಹಗಳನ್ನು ಕೈಗೆ ಸಿಕ್ಕಷ್ಟು ಓದಿದ್ದೇನೆ. ಲೋಕದ ಪಂಚಾಂಗಗಳನ್ನು ಹೋಲಿಸುವ ಈ ಬರಹಗಳಲ್ಲಿ ಬಹುಪಾಲು ಒಂದೇ ತಕ್ಕಡಿಯನ್ನು ಹಿಡಿದಿರುತ್ತವೆ: ಯಾವ ಪದ್ಧತಿಯ ವರ್ಷಮಾನವು ಸೂರ್ಯನ ನಿಜವಾದ ಚಲನೆಗೆ ಎಷ್ಟು ಹತ್ತಿರ? ದಶಮಾಂಶದ ನಾಲ್ಕನೆಯ ಸ್ಥಾನದವರೆಗೆ ಹೋಲಿಸಿ, ಗ್ರೆಗೋರಿಯನ್ ವರ್ಷ 365.2425 ದಿನ, ನಿಜವಾದ ಸಾಯನ ವರ್ಷ ಸುಮಾರು 365.2422 ದಿನ, ಆದುದರಿಂದ 3000 ವರ್ಷಗಳಿಗೆ ಒಂದು ದಿನದಷ್ಟು ಮಾತ್ರ ವ್ಯತ್ಯಾಸ ಎಂದು ತೋರಿಸಿ ಅದಕ್ಕೆ ಕಿರೀಟ ತೊಡಿಸುತ್ತಾರೆ. ಆದರೆ ಈ ತಕ್ಕಡಿಯನ್ನೇ ನಂಬುವುದಾದರೆ ಮೊದಲ ಸ್ಥಾನ ಸಲ್ಲಬೇಕಾದದ್ದು ಇರಾನಿನ ಸೌರಪಂಚಾಂಗಕ್ಕೆ. ಅಲ್ಲಿ ವಸಂತ ವಿಷುವದ ನಿಜವಾದ ಕ್ಷಣವನ್ನೇ ಗಣಿಸಿ ವರ್ಷವನ್ನು ಆರಂಭಿಸುವುದರಿಂದ ಅದು ಋತುವಿನಿಂದ ಜಾರುವ ಪ್ರಶ್ನೆಯೇ ಇಲ್ಲ. ಆದರೂ ಅದನ್ನು ಲೋಕಕ್ಕೆಲ್ಲ ಅನ್ವಯಿಸಬೇಕೆಂದು ಯಾರೂ ಹೇಳುವುದಿಲ್ಲ. ಗ್ರೆಗೋರಿಯನ್ ಪದ್ಧತಿ ಹರಡಿದ್ದು ಗಣಿತದ ಬಲದಿಂದಲ್ಲ, ಹಡಗುಗಳ ಮತ್ತು ಕಚೇರಿಗಳ ಬಲದಿಂದ. ಇದು ದೂರಲ್ಲ, ಇರುವ ಸಂಗತಿ.

ನನ್ನ ಅಭಿಪ್ರಾಯದಲ್ಲಿ ಪಂಚಾಂಗಕ್ಕೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಅದು ಯಾವ ಕರ್ತವ್ಯಕ್ಕಾಗಿ ಹುಟ್ಟಿತು? ಅದನ್ನು ತಿದ್ದುವ ಅಧಿಕಾರ ಯಾರ ಕೈಯಲ್ಲಿತ್ತು, ಅವರು ಅದನ್ನು ಹೇಗೆ ಬಳಸಿದರು? ತಿದ್ದಿದಾಗ ನಷ್ಟ ಯಾರ ಪಾಲಿಗೆ ಬಂತು?

ರೋಮನರ ಕತೆಯನ್ನೇ ನೋಡೋಣ. ಜೂಲಿಯಸ್ ಸೀಸರನಿಗೆ ಮೊದಲು ರೋಮಿನ ವರ್ಷ 355 ದಿನಗಳದ್ದು. ಋತುವಿಗೆ ಹೊಂದಿಸಲು ಆಗಾಗ ಅಧಿಕಮಾಸವೊಂದನ್ನು ಸೇರಿಸಬೇಕಿತ್ತು. ಸೇರಿಸುವ ಅಧಿಕಾರ ಪಾಂಟಿಫೆಕ್ಸರೆಂಬ ಪುರೋಹಿತ ಮಂಡಲಿಯದು. ಅವರೇ ರಾಜಕಾರಣದಲ್ಲಿಯೂ ಇದ್ದವರು. ತಮ್ಮ ಕಡೆಯ ಅಧಿಕಾರಿ ಪದವಿಯಲ್ಲಿದ್ದರೆ ವರ್ಷವನ್ನು ಹಿಗ್ಗಿಸುವುದು, ವಿರೋಧಿಯಾಗಿದ್ದರೆ ಅಧಿಕಮಾಸವನ್ನು ಮರೆತುಬಿಡುವುದು ಎಂಬ ಅಪವಾದವನ್ನು ಆ ಕಾಲದವರೇ ಹೊರಿಸಿದ್ದಾರೆ. ಕೊನೆಗೆ ಪಂಚಾಂಗ ಋತುವಿನಿಂದ ಸುಮಾರು ಮೂರು ತಿಂಗಳು ದೂರ ಸರಿದಿತ್ತು. ಸೀಸರನು ಅಲೆಕ್ಸಾಂಡ್ರಿಯದ ಸೋಸಿಜಿನಿಸ್ ಎಂಬ ಗಣಿತಜ್ಞನ ಸಲಹೆಯಂತೆ ಕ್ರಿ.ಪೂ. 46ನೆಯ ವರ್ಷವನ್ನು 445 ದಿನಗಳಿಗೆ ಎಳೆದು, ಮರುವರ್ಷದಿಂದ ನಾಲ್ಕು ವರ್ಷಕ್ಕೊಂದು ಅಧಿಕದಿನದ ಕ್ರಮವನ್ನು ಜಾರಿಗೆ ತಂದನು. ಅವನು ತೀರಿಕೊಂಡ ಮೇಲೆ ಅದೇ ಪುರೋಹಿತರು “ನಾಲ್ಕನೆಯ ವರ್ಷ” ಎಂಬುದನ್ನು ಮೊದಲ ವರ್ಷವನ್ನೂ ಸೇರಿಸಿ ಎಣಿಸಿ, ಮೂರು ವರ್ಷಕ್ಕೊಂದು ದಿನ ಸೇರಿಸುತ್ತ ಹೋದರು. ಅಗಸ್ಟಸನು ಅದನ್ನು ಸರಿಪಡಿಸಲು ಹಲವು ಅಧಿಕದಿನಗಳನ್ನು ಬಿಡಿಸಬೇಕಾಯಿತು. ಸೂತ್ರ ಒಂದೇ, ಎಣಿಸುವ ರೀತಿಯಲ್ಲಿ ಎಡವಟ್ಟು. ನಮ್ಮ ತಿಥಿವಾದಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸಲಾರದು.

ಅರಬ್ಬರ ನಾಡಿನಲ್ಲಿಯೂ ಇದೇ ರೋಗ ಬೇರೆ ರೂಪದಲ್ಲಿತ್ತು. ಯುದ್ಧ ನಿಷಿದ್ಧವಾದ ಪವಿತ್ರ ಮಾಸಗಳು ನಾಲ್ಕಿದ್ದವು. ಯುದ್ಧ ಬೇಕಾದಾಗ ಆ ಮಾಸವನ್ನು ಮುಂದಕ್ಕೆ ಹಾಕುವ “ನಸೀ” ಎಂಬ ಪದ್ಧತಿಯನ್ನು ಕುರಾನು ಒಂಬತ್ತನೆಯ ಅಧ್ಯಾಯದಲ್ಲಿ ಖಂಡಿಸಿ, ಮಾಸಗಳು ಹನ್ನೆರಡೇ ಎಂದು ವಿಧಿಸಿತು. ಅಧಿಕಮಾಸವೇ ಇಲ್ಲವಾದುದರಿಂದ 354 ಅಥವಾ 355 ದಿನಗಳ ಇಸ್ಲಾಮೀ ವರ್ಷ ಋತುಗಳ ಮೂಲಕ ಸುತ್ತುತ್ತ, ಸುಮಾರು 33 ವರ್ಷಗಳಲ್ಲಿ ಒಂದು ಪೂರ್ಣಾವರ್ತನವನ್ನು ಮಾಡುತ್ತದೆ. ಇದನ್ನು “ಅಸಮರ್ಪಕ ಪಂಚಾಂಗ” ಎಂದು ಹೇಳುವವರು ಅದರ ಹಿಂದಿನ ನೈತಿಕ ನಿರ್ಣಯವನ್ನು ಕಾಣಲಿಲ್ಲ. ತಿದ್ದುವ ಅಧಿಕಾರವೇ ದುರುಪಯೋಗವಾಗುತ್ತಿದ್ದರೆ ಅಧಿಕಾರವನ್ನೇ ತೆಗೆದುಹಾಕುವುದು ಒಂದು ಪರಿಹಾರ. ಮೇಲಾಗಿ ರಂಜಾನಿನ ಉಪವಾಸ ಒಂದೇ ಋತುವಿಗೆ ಕಟ್ಟಿಬೀಳದೆ, ಬೇಸಿಗೆಯ ದೀರ್ಘ ಹಗಲು ಮತ್ತು ಚಳಿಗಾಲದ ಕಿರುಹಗಲು ಎರಡೂ ಎಲ್ಲ ದೇಶದವರ ಪಾಲಿಗೂ ಸರದಿಯಂತೆ ಬರುತ್ತವೆ. ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಬೆಳೆ ಬರುವುದು ಸೂರ್ಯನ ಲೆಕ್ಕದಲ್ಲಿ. ಕಂದಾಯ ಚಂದ್ರನ ಲೆಕ್ಕದಲ್ಲಾದರೆ ರೈತ ಕೆಡುತ್ತಾನೆ. ಮೊಗಲರು ಫಸಲಿ ವರ್ಷವನ್ನು ಬಳಕೆಗೆ ತಂದದ್ದು, ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಮೌಲೂದಿ ಶಕೆಯೆಂಬ ಹೆಸರಿನಲ್ಲಿ ಅಧಿಕಮಾಸವುಳ್ಳ ಚಾಂದ್ರಸೌರ ಪದ್ಧತಿಯನ್ನೇ ಮತ್ತೆ ಹಿಡಿದದ್ದು ಇವುಗಳ ಹಿಂದೆ ಆಡಳಿತದ ಈ ಅಗತ್ಯವೇ ಇದೆ.

ಯೆಹೂದ್ಯರ ಪಂಚಾಂಗವು ನಮ್ಮದಕ್ಕೆ ಅತ್ಯಂತ ಸಮೀಪದ ಬಂಧು. ಮಾಸ ಚಂದ್ರನದು, ವರ್ಷ ಸೂರ್ಯನದು; 19 ವರ್ಷಗಳಲ್ಲಿ 7 ಅಧಿಕಮಾಸಗಳು, ಒಟ್ಟು 235 ಚಾಂದ್ರಮಾಸಗಳು. ಇಂದು ಇದೆಲ್ಲ ಲೆಕ್ಕದಿಂದಲೇ ನಡೆಯುತ್ತದೆ. ಆದರೆ ಲೆಕ್ಕ ಸ್ಥಿರವಾಗುವುದಕ್ಕೆ ಮೊದಲು ಅಧಿಕಮಾಸ ಬೇಕೇ ಬೇಡವೇ ಎಂಬುದನ್ನು ಹಿರಿಯರ ನ್ಯಾಯಸಭೆ ನಿರ್ಣಯಿಸುತ್ತಿತ್ತು. ಆ ನಿರ್ಣಯಕ್ಕೆ ಆಧಾರವಾದ ಕಾರಣಗಳನ್ನು ತಾಲ್ಮೂದಿನ ಸನ್ಹೆದ್ರಿನ್ ಭಾಗವು ಹೇಳುತ್ತದೆ. ಅವು ಓದಲು ಯೋಗ್ಯವಾಗಿವೆ. ಪಾಸ್ಕ ಹಬ್ಬದ ವೇಳೆಗೆ ಜವೆಗೋಧಿ ಮಾಗದಿದ್ದರೆ, ಮರಗಳು ಕಾಯಿ ಬಿಡದಿದ್ದರೆ ಒಂದು ಮಾಸವನ್ನು ಸೇರಿಸಬಹುದು. ಅಷ್ಟೇ ಅಲ್ಲ. ಮಳೆಗಾಲದಲ್ಲಿ ಹಾಳಾದ ರಸ್ತೆ, ಸೇತುವೆಗಳು ಯಾತ್ರಿಕರಿಗೆ ಇನ್ನೂ ಸಿದ್ಧವಾಗಿಲ್ಲದಿದ್ದರೂ ಸೇರಿಸಬಹುದು. ದೂರದೇಶದಿಂದ ಹೊರಟ ಬಂಧುಗಳು ಇನ್ನೂ ದಾರಿಯಲ್ಲಿದ್ದಾರೆ, ಹಬ್ಬಕ್ಕೆ ತಲುಪಲಾರರು ಎಂಬ ಕಾರಣಕ್ಕೂ ಸೇರಿಸಬಹುದು. ವರ್ಷಕ್ಕೆ ಒಂದು ತಿಂಗಳನ್ನು ಕೂಡಿಸುವುದೆಂದರೆ ಸಾಮಾನ್ಯ ಕಾರ್ಯವಲ್ಲ. ಅದನ್ನು ದಾರಿಯಲ್ಲಿರುವ ಅಪರಿಚಿತ ಯಾತ್ರಿಕನಿಗಾಗಿ ಮಾಡಬಹುದೆಂದು ಒಂದು ಸಮಾಜ ಶಾಸ್ತ್ರದಲ್ಲಿಯೇ ಬರೆದಿಟ್ಟಿತು. ರೋಮಿನ ಪುರೋಹಿತರೂ ವರ್ಷವನ್ನು ಹಿಗ್ಗಿಸಿದರು, ಇವರೂ ಹಿಗ್ಗಿಸಿದರು. ಹಿಗ್ಗಿಸಿದ ಉದ್ದೇಶದಲ್ಲಿ ಎಷ್ಟು ಅಂತರ!

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅದೇ ಭಾಗದಲ್ಲಿ ಕುರಿಮರಿಗಳು, ಪಾರಿವಾಳದ ಮರಿಗಳು ಇನ್ನೂ ಎಳೆಯವು ಎಂಬುದನ್ನೂ ಪೋಷಕ ಕಾರಣವಾಗಿ ಹೇಳಿದೆ. ನಮ್ಮಲ್ಲಿ ಕೆಲವರು ಇದನ್ನು ಜೀವದಯೆ ಎಂದು ಉತ್ಸಾಹದಿಂದ ವ್ಯಾಖ್ಯಾನಿಸಿಯಾರು. ಅದು ಹಾಗಲ್ಲ. ಮರಿಗಳು ಬಲಿಗೆ ತಕ್ಕಷ್ಟು ಬೆಳೆದಿಲ್ಲ ಎಂಬುದೇ ಅಲ್ಲಿನ ಅರ್ಥ. ಪರರ ಗ್ರಂಥದಲ್ಲಿ ನಮ್ಮ ಧರ್ಮವನ್ನು ತುರುಕುವುದೂ ಒಂದು ಬಗೆಯ ಅಸತ್ಯವೇ.

ಈಜಿಪ್ಟಿನವರು 365 ದಿನಗಳ ವರ್ಷವನ್ನು ಪಟ್ಟುಬಿಡದೆ ನಡೆಸಿದರು. ಕ್ರಿ.ಪೂ. 238ರಲ್ಲಿ ಮೂರನೆಯ ಟಾಲೆಮಿಯ ಕಾಲದ ಕನೋಪಸ್ ಶಾಸನವು ನಾಲ್ಕು ವರ್ಷಕ್ಕೊಂದು ದಿನ ಸೇರಿಸಲು ವಿಧಿಸಿದರೂ ಜನ ಅದನ್ನು ಸ್ವೀಕರಿಸಲಿಲ್ಲ. ಮಾಯಾ ಜನರು 260 ದಿನಗಳ ಪವಿತ್ರ ಚಕ್ರವನ್ನೂ 365 ದಿನಗಳ ವರ್ಷವನ್ನೂ ಜೊತೆಜೊತೆಗೆ ನಡೆಸಿ, 52 ವರ್ಷಗಳಿಗೊಮ್ಮೆ ಎರಡೂ ಕೂಡುವಂತೆ ಮಾಡಿದರು. ಅವರ ದೀರ್ಘಗಣನೆಯ ಒಂದು ಆವರ್ತ 2012ರ ಡಿಸೆಂಬರಿನಲ್ಲಿ ಮುಗಿದುದನ್ನು ಪ್ರಳಯವೆಂದು ಸಾರಿ ಹಣ ಮಾಡಿದವರು ಮಾಯಾ ಜನರಲ್ಲ. ಕಾಲಚಕ್ರದ ಆರು ಅರಗಳನ್ನು ಬಲ್ಲ ನಾವು ಒಂದು ಆವರ್ತ ಮುಗಿದರೆ ಮತ್ತೊಂದು ಆರಂಭ ಎಂಬುದಕ್ಕೆ ಗಾಬರಿಪಡಬೇಕಾಗಿರಲಿಲ್ಲ. ಆದರೂ ಆಗ ನಮ್ಮ ಕೆಲವು ಮನೆಗಳಲ್ಲಿಯೂ ಶಾಂತಿವಿಧಾನಗಳು ನಡೆದುದನ್ನು ಕಂಡೆ.

ಇನ್ನು ತಿದ್ದುಪಡಿಯ ನಷ್ಟ ಯಾರದೆಂಬ ಪ್ರಶ್ನೆ. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿಯವರು ಅಕ್ಟೋಬರ್ 4ರ ಮರುದಿನವನ್ನು 15 ಎಂದು ಘೋಷಿಸಿದರು. ಕಾರಣ ಶುದ್ಧ ಧಾರ್ಮಿಕವಾದುದು: ಈಸ್ಟರ್ ಹಬ್ಬ ವಸಂತ ವಿಷುವದಿಂದ ದೂರ ಸರಿಯುತ್ತಿತ್ತು. ಇಂಗ್ಲೆಂಡ್ 170 ವರ್ಷ ತಡಮಾಡಿ, 1752ರ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಮಾಡಿತು. “ನಮ್ಮ ಹನ್ನೊಂದು ದಿನಗಳನ್ನು ಕೊಡಿ” ಎಂದು ಜನ ದಂಗೆಯೆದ್ದರೆಂಬ ಕತೆಯನ್ನು ಪಠ್ಯಪುಸ್ತಕಗಳು ಬಹುಕಾಲ ಹೇಳಿದವು. ಇತಿಹಾಸಕಾರರು ಈಗ ಅದನ್ನು ನಂಬುವುದಿಲ್ಲ. ಯಾರೂ ಹೇಳದಿರುವ ಸಂಗತಿ ಬೇರೊಂದಿದೆ. ಬಾಡಿಗೆ, ಸಾಲ, ಕರಾರು ಮುಂತಾದವುಗಳ ಗಡುವು ಈ ಬದಲಾವಣೆಯಿಂದ ಹನ್ನೊಂದು ದಿನ ಮುಂಚಿತವಾಗಿ ಬರಬಾರದು, ಮೊದಲಿನಷ್ಟೇ ಸಹಜ ದಿನಗಳು ಕಳೆದ ಮೇಲೆಯೇ ಬರಬೇಕು ಎಂದು ಆ ಕಾನೂನು ಸ್ಪಷ್ಟವಾಗಿ ವಿಧಿಸಿತ್ತು. ಆಕಾಶದ ಲೆಕ್ಕವನ್ನು ತಿದ್ದುವಾಗ ಬಡ ಒಕ್ಕಲಿನ ಲೆಕ್ಕವನ್ನು ಮರೆಯದ ಈ ವಿವೇಕ ಪ್ರಶಂಸನೀಯ. ಅಚೌರ್ಯವ್ರತವನ್ನು ಪಠಿಸುವ ನಾವು ಮೆಚ್ಚಬೇಕಾದದ್ದು ಗ್ರೆಗೋರಿಯನ್ ದಶಮಾಂಶವನ್ನಲ್ಲ, ಈ ಉಪಬಂಧವನ್ನು.

ಇದಕ್ಕೆ ವಿರುದ್ಧವಾದ ಉದಾಹರಣೆಗಳು ಎರಡು. ಫ್ರಾನ್ಸಿನ ಕ್ರಾಂತಿಕಾರರು 1793ರಲ್ಲಿ ಹತ್ತು ದಿನಗಳ ವಾರವನ್ನು ತಂದರು. ದುಡಿಯುವವನಿಗೆ ಏಳನೆಯ ದಿನದ ವಿಶ್ರಾಂತಿ ಹತ್ತನೆಯ ದಿನಕ್ಕೆ ಹೋಯಿತು. ಆ ಪಂಚಾಂಗ 1805ರ ಕೊನೆಗೆ ಮುಗಿಯಿತು. ಸೋವಿಯತ್ ರಷ್ಯವು 1929ರಲ್ಲಿ ಐದು ದಿನಗಳ ನಿರಂತರ ವಾರವನ್ನು ಜಾರಿಗೊಳಿಸಿ, ಕಾರ್ಖಾನೆ ನಿಲ್ಲದಿರಲೆಂದು ಕೆಲಸಗಾರರನ್ನು ಐದು ಗುಂಪು ಮಾಡಿ ಬೇರೆ ಬೇರೆ ದಿನ ರಜೆ ಕೊಟ್ಟಿತು. ಗಂಡನಿಗೆ ರಜೆಯಿದ್ದ ದಿನ ಹೆಂಡತಿಗಿಲ್ಲ. ಯಂತ್ರಕ್ಕೆ ಅನುಕೂಲವಾಯಿತು, ಸಂಸಾರ ಚದುರಿತು. 1940ರಲ್ಲಿ ಏಳು ದಿನಗಳ ವಾರ ಮರಳಿತು.

ನಮ್ಮ ದೇಶದ ಪ್ರಯತ್ನಕ್ಕೆ ಬರೋಣ. 1952ರಲ್ಲಿ ಭಾರತ ಸರ್ಕಾರವು ಪ್ರಖ್ಯಾತ ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ಎನ್. ಸಿ. ಲಾಹಿರಿಯವರು ಕಾರ್ಯದರ್ಶಿಗಳು. 1955ರಲ್ಲಿ ಹೊರಬಂದ ಅದರ ವರದಿ ಇಂದಿಗೂ ಈ ವಿಷಯದ ಮೇಲಿನ ಅತ್ಯುತ್ತಮ ಗ್ರಂಥಗಳಲ್ಲೊಂದು. ದೇಶದ ನಾನಾ ಭಾಗಗಳ ಪಂಚಾಂಗಗಳನ್ನು ತರಿಸಿ ಪರಿಶೀಲಿಸಿದ ಶ್ರಮ, ಬ್ಯಾಬಿಲೋನಿನಿಂದ ಸಿದ್ಧಾಂತಗ್ರಂಥಗಳವರೆಗಿನ ಇತಿಹಾಸದ ವಿವರಣೆ, ಎಲ್ಲವೂ ಗೌರವಾರ್ಹ. ಅದರ ಫಲವಾಗಿ 1957ರ ಮಾರ್ಚ್ 22, ಶಕ 1879ರ ಚೈತ್ರ 1ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಸರ್ಕಾರಿ ರಾಜ್ಯಪತ್ರದ ನೆತ್ತಿಯ ಮೇಲೆ ಅದು ಉಳಿದಿದೆ. ಯಾರ ಮನೆಯ ಗೋಡೆಯ ಮೇಲೂ ಅಲ್ಲ.

ವರದಿಯ ಮುಖ್ಯ ಆಕ್ಷೇಪವನ್ನು ನಾವು ಕಿವಿಗೊಟ್ಟು ಕೇಳಬೇಕು. ಸೂರ್ಯಸಿದ್ಧಾಂತದ ವರ್ಷಮಾನ 365.258756 ದಿನ. ಇದು ಋತುವರ್ಷಕ್ಕಿಂತ ಸುಮಾರು 24 ನಿಮಿಷ ಹೆಚ್ಚು. 60 ವರ್ಷಕ್ಕೆ ಸುಮಾರು ಒಂದು ದಿನದಂತೆ ಹಿಂದಿನ 1400 ವರ್ಷಗಳಲ್ಲಿ ನಮ್ಮ ವರ್ಷಾರಂಭ ಋತುವಿನಿಂದ 23 ದಿನ ಸರಿದಿದೆ. ನಮ್ಮ ಹಬ್ಬಗಳೆಲ್ಲ ಅಷ್ಟರಮಟ್ಟಿಗೆ ತಡವಾಗಿ ಬರುತ್ತಿವೆ. ಇದನ್ನು ಇನ್ನು ಮುಂದಾದರೂ ತಡೆಯಲು ಸಮಿತಿ ಅಯನಾಂಶವನ್ನು 23 ಅಂಶ 15 ಕಲೆಗೆ ಸ್ಥಿರಗೊಳಿಸಿ ಹಬ್ಬಗಳನ್ನು ಗಣಿಸಲು ಸೂಚಿಸಿತು. ಪಂಚಾಂಗಕರ್ತರು ಸಾಮಾನ್ಯವಾಗಿ ಅದನ್ನು ಅನುಸರಿಸಲಿಲ್ಲ.

ಆದರೆ ಸಾಹಾ ಅವರ ಉತ್ಸಾಹ ಇನ್ನೊಂದು ದಿಕ್ಕಿನಲ್ಲಿ ಮಿತಿಮೀರಿತೆಂದು ನನಗೆ ತೋರುತ್ತದೆ. 1953ರಲ್ಲಿ ಭಾರತವು ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಲಿಯ ಮುಂದೆ “ವಿಶ್ವ ಪಂಚಾಂಗ”ದ ಪ್ರಸ್ತಾವವನ್ನು ಇಟ್ಟಿತು. ಸಾಹಾ ಅದರ ಪ್ರಬಲ ಪ್ರತಿಪಾದಕರು. ಅದರಲ್ಲಿ ಪ್ರತಿ ತಾರೀಕಿಗೂ ಪ್ರತಿ ವರ್ಷವೂ ಒಂದೇ ವಾರ. ಅದಕ್ಕಾಗಿ ವರ್ಷದ ಕೊನೆಯ ಒಂದು ದಿನವನ್ನು, ಅಧಿಕವರ್ಷದಲ್ಲಿ ಎರಡನ್ನು, ಯಾವ ವಾರಕ್ಕೂ ಸೇರದ ದಿನವೆಂದು ಬಿಟ್ಟುಬಿಡಬೇಕು. ವ್ಯಾಪಾರಕ್ಕೆ ಸೊಗಸಾದ ಏರ್ಪಾಡು. ಆದರೆ ಏಳನೆಯ ದಿನದ ಸಬ್ಬತ್ತನ್ನು ಸಾವಿರಾರು ವರ್ಷಗಳಿಂದ ಒಂದು ದಿನವೂ ತಪ್ಪದೆ ಪಾಲಿಸಿದ ಯೆಹೂದ್ಯರಿಗೆ, ಶುಕ್ರವಾರದ ಪ್ರಾರ್ಥನೆಯ ಮುಸಲ್ಮಾನರಿಗೆ, ಭಾನುವಾರದ ಕ್ರೈಸ್ತರಿಗೆ ಆ ಎಣಿಕೆಯೇ ಕಡಿದುಹೋಗುತ್ತಿತ್ತು. ಅವರ ವಿರೋಧವೂ ಅಮೆರಿಕದ ಅಸಮ್ಮತಿಯೂ ಸೇರಿ 1956ರಲ್ಲಿ ಪ್ರಸ್ತಾವ ಬದಿಗೆ ಸರಿಯಿತು. ವಿರೋಧಿಸಿದವರನ್ನು ಅಂಧಶ್ರದ್ಧೆಯವರೆಂದು ಕಂಡದ್ದು ಸುಧಾರಕರ ದೋಷ. ಬೇರೆಯವರ ವ್ರತ ಮುರಿದು ನಮ್ಮ ಲೆಕ್ಕ ಸುಗಮವಾಗುವುದಾದರೆ ಆ ಸುಗಮತೆ ಯಾರಿಗೆ ಬೇಕು? ವಾರವ್ರತ ಮುಖ್ಯವಲ್ಲದ, ತಿಥಿವ್ರತವೇ ಪ್ರಧಾನವಾದ ದೇಶದಿಂದ ಆ ಸೂಚನೆ ಹೋದುದು ಆಶ್ಚರ್ಯವಲ್ಲ. ನಮಗೆ ಅದರಲ್ಲಿ ಕಳೆದುಕೊಳ್ಳುವುದೇನೂ ಇರಲಿಲ್ಲ.

ಇನ್ನು ನಮ್ಮ ಮನೆಯ ಮಾತು. ಜೈನರ ಪ್ರಾಚೀನ ಕಾಲಗಣನೆಯನ್ನು ಸೂರ್ಯಪ್ರಜ್ಞಪ್ತಿ ಮೊದಲಾದ ಗ್ರಂಥಗಳು ವಿವರಿಸುತ್ತವೆ. ಐದು ವರ್ಷಗಳ ಒಂದು ಯುಗ. ಅದರಲ್ಲಿ 1830 ದಿನ, 60 ಸೌರಮಾಸ, 62 ಚಾಂದ್ರಮಾಸ, 67 ನಾಕ್ಷತ್ರಮಾಸ. 1860 ತಿಥಿಗಳಲ್ಲಿ 30 ಕ್ಷಯ. ಅಂದರೆ ಪ್ರತಿ 62ನೆಯ ತಿಥಿ ಕ್ಷಯ, ವೃದ್ಧಿತಿಥಿ ಎಂಬುದೇ ಇಲ್ಲ. ಯುಗಾರಂಭ ಅಭಿಜಿತ್ ನಕ್ಷತ್ರದಲ್ಲಿ, ಶ್ರಾವಣ ಕೃಷ್ಣ ಪ್ರತಿಪದೆಯಂದು, ದಕ್ಷಿಣಾಯನದೊಡನೆ. ಇದು ಹುಣ್ಣಿಮೆಗೆ ಮಾಸ ಮುಗಿಯುವ ಲೆಕ್ಕ. ನಮ್ಮ ಕನ್ನಡನಾಡಿನ ಅಮಾಂತ ಲೆಕ್ಕದಲ್ಲಿ ಅದು ಆಷಾಢ ಬಹುಳ ಪಾಡ್ಯ, ವೀರಶಾಸನ ಜಯಂತಿಯ ದಿನ. “ನಮ್ಮ ಗಣಿತವೇ ಸರ್ವೋತ್ತಮ” ಎಂದು ವೇದಿಕೆಗಳಲ್ಲಿ ಹೇಳುವವರಿಗೆ ಒಂದು ವಿನಂತಿ. ಐದು ಋತುವರ್ಷಗಳಿಗೆ ನಿಜವಾಗಿ ಆಗುವುದು 1826 ದಿನ ಮಾತ್ರ. ಈ ಯುಗವನ್ನು ತಿದ್ದದೆ ನಡೆಸಿದರೆ ಪ್ರತಿ ಯುಗಕ್ಕೂ ಸುಮಾರು ನಾಲ್ಕು ದಿನದ ದೋಷ. ನಲವತ್ತು ವರ್ಷಕ್ಕೆ ಒಂದು ತಿಂಗಳು. ಆದುದರಿಂದ ಅದಕ್ಕೆ ಮರಳಬೇಕೆಂಬ ವಾದ ನನ್ನದಲ್ಲ.

ಆದರೆ ಆ ಪದ್ಧತಿಯ ವಿನ್ಯಾಸವನ್ನು ಗಮನಿಸಬೇಕು. ಅದರಲ್ಲಿ ಅಧಿಕಮಾಸ ಎರಡೇ ಕಡೆ ಬರುತ್ತದೆ: ಯುಗಮಧ್ಯದಲ್ಲಿ ಪೌಷ, ಯುಗಾಂತ್ಯದಲ್ಲಿ ಆಷಾಢ. ವರ್ಷಾಯೋಗದ ನಾಲ್ಕು ತಿಂಗಳ ನಡುವೆ ಅಧಿಕಮಾಸ ನುಸುಳುವುದೇ ಇಲ್ಲ. ಐದು ದಕ್ಷಿಣಾಯನಗಳು ಕ್ರಮವಾಗಿ ಶ್ರಾವಣ ಕೃಷ್ಣ 1, ಕೃಷ್ಣ 13, ಶುಕ್ಲ 10, ಕೃಷ್ಣ 7, ಶುಕ್ಲ 4ರಂದು ಆರಂಭವಾಗುತ್ತವೆ. ಅಂದರೆ ಆಷಾಢದ ಹುಣ್ಣಿಮೆ ಯಾವಾಗಲೂ ದಕ್ಷಿಣಾಯನಕ್ಕೆ ಮೊದಲೇ ಬರುತ್ತದೆ, ನಂತರ ಎಂದೂ ಅಲ್ಲ. ಮುನಿಗಳು ಮಳೆಗೆ ಮೊದಲೇ, ನೆಲದಲ್ಲಿ ಮೊಳಕೆಯೂ ಕ್ರಿಮಿಯೂ ಏಳುವುದಕ್ಕೆ ಮೊದಲೇ, ಒಂದೆಡೆ ನಿಲ್ಲಬೇಕೆಂಬ ಧರ್ಮವೇ ಆ ಗಣಿತದ ಬೆನ್ನೆಲುಬಾಗಿ ಕಾಣುತ್ತದೆ.

ಈಗಿನ ಸ್ಥಿತಿಯೇನು? ಜೂನ್ 21ರ ಸುಮಾರಿಗೆ ನಿಜವಾದ ದಕ್ಷಿಣಾಯನ. ಆಷಾಢ ಹುಣ್ಣಿಮೆ 2023ರಲ್ಲಿ ಜುಲೈ 3ಕ್ಕೆ, 2024ರಲ್ಲಿ ಜುಲೈ 21ಕ್ಕೆ, 2025ರಲ್ಲಿ ಜುಲೈ 10ಕ್ಕೆ ಬಂತು. ಕೇರಳಕ್ಕೆ ಜೂನ್ 1ರ ಸುಮಾರಿಗೆ ಮುಟ್ಟುವ ಮುಂಗಾರು ಕೆಲವೇ ದಿನಗಳಲ್ಲಿ ನಮ್ಮ ಕರಾವಳಿಗೆ ಬರುತ್ತದೆ. ವರ್ಷಾಯೋಗ ಆರಂಭವಾಗುವ ಆಷಾಢ ಶುದ್ಧ ಚತುರ್ದಶಿಯ ವೇಳೆಗೆ ಮೂಡಬಿದಿರೆ, ಕಾರ್ಕಳ, ವೇಣೂರುಗಳ ಕಡೆ ಮಳೆ ಹಿಡಿದು ತಿಂಗಳಾಗಿರುತ್ತದೆ. ದಾರಿಯ ಅಂಚಿನಲ್ಲಿ ಸಹಸ್ರಪದಿಗಳು, ಕೆಂಪು ಮಖಮಲ್ ಹುಳುಗಳು, ಹೊಸ ಹುಲ್ಲು ತುಂಬಿರುವಾಗ ವಿಹಾರ ನಡೆಯುತ್ತಿರುತ್ತದೆ. ನಾವು ಶ್ರಾವಕರು ವಾಹನಗಳ ಸಾಲಿನಲ್ಲಿ ಹಿಂಬಾಲಿಸುತ್ತೇವೆ. ತಿಥಿ ಶುದ್ಧವಾಗಿದೆ, ಈರ್ಯಾಸಮಿತಿ ಉಳಿಯಿತೇ? ಇನ್ನೊಂದು ಕಡೆ, 2023ರಲ್ಲಿ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ ಬಂದು ಚಾತುರ್ಮಾಸ್ಯ ಐದು ತಿಂಗಳಾಯಿತು. ಇಂಥ ವರ್ಷಗಳಲ್ಲಿ ಶ್ವೇತಾಂಬರ ಬಂಧುಗಳಿಗೆ ಮತ್ತೊಂದು ಸಂಕಟ. ಸಂವತ್ಸರಿಯು ವರ್ಷಾವಾಸದ 50ನೆಯ ದಿನ ಬರಬೇಕು, ಅನಂತರ 70 ದಿನ ಉಳಿಯಬೇಕು ಎಂಬ ಆಗಮದ ಲೆಕ್ಕ ಕೂಡಿದರೆ 120. ಐದು ತಿಂಗಳ ಅವಧಿಯಲ್ಲಿ 50ನ್ನು ಕಾಪಾಡಿದರೆ 70 ಕೆಡುತ್ತದೆ, 70ನ್ನು ಕಾಪಾಡಿದರೆ 50. ಗಚ್ಛಗಳು ಬೇರೆ ಬೇರೆ ಉತ್ತರ ಕೊಟ್ಟವು. ಕ್ಷಮೆ ಕೇಳುವ ದಿನ ಯಾವುದೆಂಬುದಕ್ಕೇ ಮನಸ್ತಾಪಗಳಾದುದು ದುಃಖದ ಸಂಗತಿ. ಅದೇ ಸಂವತ್ಸರಿಯನ್ನು ಹಿಂದೆ ಕಾಲಕಾಚಾರ್ಯರು ರಾಜನ ಮತ್ತು ಪ್ರಜೆಗಳ ಅನುಕೂಲಕ್ಕಾಗಿ ಪಂಚಮಿಯಿಂದ ಚತುರ್ಥಿಗೆ ತಂದರೆಂಬ ಪರಂಪರೆಯೂ ಅವರಲ್ಲಿದೆ. ಒಂದು ದಿನ ಹಿಂದಕ್ಕೆ ತಂದರು, ಮುಂದಕ್ಕೆ ಹಾಕಲಿಲ್ಲ ಎಂಬುದು ಗಮನಾರ್ಹ.

ಶಕೆಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ವೀರನಿರ್ವಾಣವಾಗಿ 605 ವರ್ಷ 5 ತಿಂಗಳ ನಂತರ ಶಕರಾಜನೆಂದು ತಿಲೋಯಪಣ್ಣತ್ತಿಯೂ, ಚಾವುಂಡರಾಯನ ಗುರುಗಳಾದ ನೇಮಿಚಂದ್ರರ ತ್ರಿಲೋಕಸಾರವೂ ಹೇಳುತ್ತವೆ. ಇಂದು ಬಳಕೆಯಲ್ಲಿರುವ ಲೆಕ್ಕದಲ್ಲಿ ದೀಪಾವಳಿಯಿಂದ ಯುಗಾದಿಯವರೆಗೆ ವೀರನಿರ್ವಾಣ ಸಂವತ್ತಿಗೂ ಶಕವರ್ಷಕ್ಕೂ 605, ಯುಗಾದಿಯಿಂದ ದೀಪಾವಳಿಯವರೆಗೆ 604 ಅಂತರ. ಆಹ್ವಾನ ಪತ್ರಿಕೆಗಳನ್ನು ಅಚ್ಚು ಹಾಕಿಸುವ ಟ್ರಸ್ಟುಗಳು ಈ ಒಂದನ್ನು ಮರೆತು ತಪ್ಪು ಸಂವತ್ತನ್ನು ಹಾಕುವುದು ಆಗಾಗ ಕಾಣುತ್ತದೆ. ಸಣ್ಣ ವಿಷಯವೆಂದು ಬಿಡಬಾರದು. ಗೊಮ್ಮಟೇಶ್ವರ ಪ್ರತಿಷ್ಠೆಯ ಕಾಲವನ್ನು “ಕಲ್ಕಿ ವರ್ಷ 600, ವಿಭವ ಸಂವತ್ಸರ” ಎಂದು ಬಾಹುಬಲಿಚರಿತ್ರೆ ಹೇಳುತ್ತದೆ. ವಿಭವವಾದರೋ 968ಕ್ಕೆ ಅಥವಾ 1028ಕ್ಕೆ ಬೀಳುತ್ತದೆ, ಕಲ್ಕಿಶಕೆಯ ಆರಂಭದಲ್ಲಿ ಒಮ್ಮತವಿಲ್ಲ. ವಿದ್ವಾಂಸರು ಬೇರೆ ಬೇರೆ ದಿನಗಳನ್ನು ಸೂಚಿಸಿದರು. 981 ಎಂಬುದನ್ನು ಹಿಡಿದು 1981ರಲ್ಲಿ ಸಹಸ್ರಮಾನವನ್ನು ಆಚರಿಸಿದೆವು. ಬರೆದಿಟ್ಟವರು ಒಂದು ಮಾತು ಹೆಚ್ಚು ಬರೆದಿದ್ದರೆ ಇಷ್ಟು ವಾದ ಬೇಕಿರಲಿಲ್ಲ.

ಟ್ರಸ್ಟುಗಳು ಮಾಡಬಹುದಾದದ್ದು ಏನು? ಪಂಚಾಂಗವನ್ನು ತಿದ್ದುವ ಅಧಿಕಾರ ಅವುಗಳಿಗಿಲ್ಲ, ಇರಲೂಬಾರದು. ಯುಗಾದಿಗೆ ಮೊದಲೇ ಆ ವರ್ಷ ಯಾವ ಪಂಚಾಂಗವನ್ನು ಹಿಡಿಯುತ್ತೇವೆಂದು ತೀರ್ಮಾನಿಸಿ, ವ್ರತದಿನಗಳ ಪಟ್ಟಿಯನ್ನು ಪ್ರಕಟಿಸಿ, ನಡುವೆ ಯಾವ ಕಾರಣಕ್ಕೂ ಬದಲಾಯಿಸದಿರುವುದು ಸಾಧ್ಯ. ಭಾನುವಾರ ಜನ ಸೇರುತ್ತಾರೆಂದೋ, ಗಣ್ಯರೊಬ್ಬರಿಗೆ ಆ ದಿನ ಬಿಡುವಿದೆಯೆಂದೋ ಪರ್ವದ ಕಾರ್ಯಕ್ರಮವನ್ನು ಸರಿಸುವುದು ರೋಮಿನ ಪುರೋಹಿತರ ಮಾರ್ಗ, ಅರಬ್ಬರ ನಸೀ. ವರ್ಷಾಯೋಗದ ತಿಥಿಯನ್ನು ನಾವು ಮುಟ್ಟುವಂತಿಲ್ಲ. ಆದರೆ ಮುಂಗಾರು ಮುಟ್ಟಿದ ದಿನದಿಂದಲೇ ಬಸದಿಯ ನೆಲ ಅಗೆಯುವ ಕಾಮಗಾರಿ, ರಾತ್ರಿಯ ದೀಪಾಲಂಕಾರ, ಹುಲ್ಲುಮೈದಾನದ ಚಪ್ಪರಗಳನ್ನು ನಿಲ್ಲಿಸಲು ಯಾವ ತಿಥಿಯ ಅಪ್ಪಣೆಯೂ ಬೇಡ. ಮುನಿಸಂಘಗಳನ್ನು ಜೂನ್ ಮೊದಲ ವಾರದೊಳಗೇ ಚಾತುರ್ಮಾಸ್ಯದ ಊರಿಗೆ ತಲುಪುವಂತೆ ಬಿನ್ನವಿಸಿಕೊಳ್ಳಬಹುದು. ಭಗವತೀ ಆರಾಧನೆಯ ವಿಜಯೋದಯಾ ಟೀಕೆಯಲ್ಲಿ ಅಪರಾಜಿತಸೂರಿಗಳು 120 ದಿನಗಳ ವಾಸವನ್ನು ಸಾಮಾನ್ಯ ನಿಯಮವೆಂದು ಹೇಳಿ, ಮಳೆ ಮುಂತಾದ ಕಾರಣವಿದ್ದರೆ ಹೆಚ್ಚು ದಿನ ನಿಲ್ಲುವುದಕ್ಕೂ ಎಡೆಯಿಟ್ಟಿದ್ದಾರೆ. ಶಾಸ್ತ್ರಕ್ಕೆ ಮಳೆಯ ನೆನಪಿತ್ತು.

ನಮ್ಮ ಬಸದಿಯಲ್ಲಿ ಮರುವರ್ಷ ಪಾಲ್ಗುಣ ಮಾಸದಲ್ಲಿಯೇ ಪಟ್ಟಿ ಬರೆದು ಕಂಬಕ್ಕೆ ಅಂಟಿಸಲಾಯಿತು. ದೃಗ್ಗಣಿತವನ್ನು ಹಿಡಿಯುವುದೆಂದಾಯಿತು, ಇಂದ್ರರು ಸೂರ್ಯಸಿದ್ಧಾಂತದ ಪಕ್ಷದವರಾದರೂ ಒಪ್ಪಿದರು. ಆ ವೃದ್ಧ ಶ್ರಾವಿಕೆಗೆ ಮೊಮ್ಮಗಳು ಪಟ್ಟಿಯನ್ನು ಓದಿ ಹೇಳಿದಳು. ಅವರು ಚತುರ್ದಶಿಯ ಸಾಲಿಗೆ ಬಂದಾಗ ಎರಡು ಸಲ ಓದಿಸಿಕೊಂಡರು. ಜೂನ್ ತಿಂಗಳ ವಿಹಾರವನ್ನು ಕುರಿತು ನಾವು ಬರೆದ ಬಿನ್ನಹಕ್ಕೆ ಇನ್ನೂ ಉತ್ತರ ಬಂದಿಲ್ಲ.